ಬಡೇಬೀ ಬೇಡವೆಂದ ಫೀಸು

ಮಾನ್ವಿಯ ಬಡೇಬೀಗೆ ಸೊಸೆ ಸೂಫಿಯಾಳ ಮೇಲೆ ಹೇಳತೀರದ ಹೆಮ್ಮೆ. ಓಣಿಯಲ್ಲಿ ಯಾರ ಕೂಸು ಕೆಮ್ಮಿದರೂ "ನಮ್ಮ ಸೂಫಿಯಾನ್ನ ಒಂದು ಮಾತು ಕೇಳ್ರಿ" ಅನ್ನುವಳು. ಸೂಫಿಯಾ ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನ ನರ್ಸ್. ಬಿ.ಎಸ್ಸಿ. ನರ್ಸಿಂಗ್ ಓದಿದವಳು. ಹಸುಗೂಸುಗಳ ಆರೈಕೆಯನ್ನು ಇನ್ನಷ್ಟು ಕಲಿಯಬೇಕು, ಎಂ.ಎಸ್ಸಿ. ಮಾಡಬೇಕು ಎಂಬುದು ಅವಳ ಬಹುದಿನದ ಆಸೆ. ಕಡೆಗೂ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಬ್ಬವಿಲ್ಲದಿದ್ದರೂ ಅಂದು ಬಡೇಬೀ ರಂಜಾನಿನ ಶಾವಿಗೆ ಪಾಯಸ ಸುರಕುಂಬಾ ಮಾಡಿ ಓಣಿಗೆಲ್ಲ ಹಂಚಿದಳು.

ಆದರೆ ಫೀಸಿನ ಮಾತು ಬಂದಾಗ ಸಂಭ್ರಮಕ್ಕೆ ಕಲ್ಲು ಬಿತ್ತು. ಆಸ್ಪತ್ರೆಯವರೇ ಫೀಸು ಕಟ್ಟುತ್ತಾರೆ, ಓದಲು ರಜೆಯನ್ನೂ ಕೊಡುತ್ತಾರೆ ಎಂದು ಸೂಫಿಯಾ ಹೇಳಿದ್ದೇ ತಡ, ಅತ್ತೆ ಮುಖ ಗಂಟು ಹಾಕಿಕೊಂಡಳು. ವರ್ಷ ವರ್ಷ ತಪ್ಪದೆ ಬಡವರಿಗೆ ಜಕಾತ್ ಕೊಡುವ ಮನೆ ಅದು. ಉಂಡುಟ್ಟು ಸುಖವಾಗಿರುವವರು ಪರರ ದುಡ್ಡಿನಲ್ಲಿ ಓದಿದರೆ ಯಾವುದೋ ಬಡ ಹುಡುಗಿಯ ಪಾಲು ಕಸಿದುಕೊಂಡಂತೆ ಎಂಬುದು ಅವಳ ವಾದ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ ಬಿಡಿ, ವಿಷಯ ತಿಳಿದಿರಲಿಲ್ಲ ಅಷ್ಟೆ. ತನ್ನ ಬಂಗಾರದ ಪಾಟಲಿ ಬಳೆ ಮಾರಿ ನಾಳೆಯೇ ಫೀಸು ಕಟ್ಟುತ್ತೇನೆ ಎಂದು ಹಟ ಹಿಡಿದಳು. ಮಗ ಇನಾಯತ್‌ಗೆ ಅತ್ತ ದರಿ, ಇತ್ತ ಪುಲಿ. ಪಾಪ, ಊಟಕ್ಕೂ ಬರದೆ ತನ್ನ ಹೊಲಿಗೆ ಅಂಗಡಿಯಲ್ಲೇ ಕೂತ.

ಆಸ್ಪತ್ರೆಯ ನಿಯಮವೋ ಬೇರೆ. ಮೊದಲು ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು, ಆಮೇಲೆ ಫೀಸು. ಮುಂಚೆಯೇ ಕಟ್ಟಿ ಸೇರಿದವರಿಗೆ ನೆರವೂ ಇಲ್ಲ, ರಜೆಯೂ ಇಲ್ಲ. ರಜೆ ಇಲ್ಲದಿದ್ದರೆ ಸೂಫಿಯಾ ಕೆಲಸವನ್ನೇ ಬಿಡಬೇಕು. ಅರ್ಜಿಗೆ ಸೋಮವಾರವೇ ಕಡೆಯ ದಿನ. ಅತ್ತೆಯ ಮನಸ್ಸು ನೋಯಿಸಿ ಓದುವುದು ಅವಳಿಗೆ ಬೇಡ, ಓದು ಬಿಡಲೂ ಮನಸ್ಸಿಲ್ಲ. ಕೊನೆಗೆ ಸುನಂದಾಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡಳು.

ಸುನಂದಾ ದೇವದುರ್ಗದವಳು, ಅದೇ ಆಸ್ಪತ್ರೆಯ ಹಿರಿಯ ನರ್ಸ್. ಆಸ್ಪತ್ರೆಯ ನೆರವಿನಲ್ಲೇ ಎಂ.ಎಸ್ಸಿ. ಮುಗಿಸಿ ಈಗ ಹೊಸಬರಿಗೆ ಕಲಿಸುತ್ತಾಳೆ. ರವಿವಾರ ಬಸ್ಸು ಹತ್ತಿ ಮಾನ್ವಿಗೆ ಬಂದಳು. ಮನೆಯಲ್ಲಿ ದಖನಿ ಉರ್ದು ಆಡುವ ಬಡೇಬೀ ಅತಿಥಿಗಾಗಿ ಕನ್ನಡಕ್ಕೆ ಹೊರಳಿದಳು. ವಾದ ಮಾಡಲು ಅವಳಿಗೆ ಎರಡೂ ಒಂದೇ.

"ನಾವು ಜಕಾತ್ ಕೊಡೋ ಮಂದಿ ಯವ್ವಾ, ತಗೊಳ್ಳೋ ಮಂದಿ ಅಲ್ಲ. ಬಡವರ ಪಾಲಿನ ರೊಕ್ಕ ನಮಗ್ಯಾಕ ಬೇಕು?"

ಸುನಂದಾ ಚಹಾ ಮುಗಿಸಿ ಮೆಲ್ಲಗೆ ಕೇಳಿದಳು. "ಹೊಸ ಕಸೂತಿ ಮಷೀನ್ ತಂದಾಗ ನಿಮ್ಮ ಅಂಗಡಿ ಟೇಲರ್ ಮೌನೇಶನ್ನ ಕಲಿಯಾಕ ಹೈದರಾಬಾದಿಗೆ ಕಳಿಸಿದ್ರಂತಲ್ರಿ. ಖರ್ಚು ಯಾರು ಕೊಟ್ರು?"

"ನಾವ ಕೊಟ್ವಿ. ಪಗಾರನೂ ಹಿಡೀಲಿಲ್ಲ."

"ಹಂಗಾರ ಅದು ಜಕಾತ್ ಏನ್ರಿ?"

ಬಡೇಬೀಗೆ ಸಿಟ್ಟೇ ಬಂತು. "ಅದ್ಹೆಂಗ ಜಕಾತ್ ಆಗ್ತದ? ಅಂವ ದುಡಿಯೋ ಮನುಷ್ಯಾ. ಅಂವ ಕಲಿತರ ನಮ್ಮ ಅಂಗಡಿಗೇ ಲಾಭ ಅದ. ಕಲಿತು ಬಂದು ನಮ್ಮಲ್ಲೇ ಕೆಲಸ ಮಾಡಾಕತ್ತಾನ..."

ಬಾಗಿಲಲ್ಲಿದ್ದ ಇನಾಯತ್ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ತಾಯಿ ಅವನತ್ತ ಕಣ್ಣು ಬಿಟ್ಟಳು, ಮರುಕ್ಷಣ ಸೆರಗು ಬಾಯಿಗೊತ್ತಿ ತಾನೂ ನಕ್ಕಳು. ಸೂಫಿಯಾಳ ಎದೆಯ ಭಾರ ಆ ನಗುವಿನಲ್ಲೇ ಇಳಿದುಹೋಯಿತು.

ಸುನಂದಾ ಉಳಿದದ್ದನ್ನು ಬಿಡಿಸಿ ಹೇಳಿದಳು. ಇದು ಬಡವರಿಗೆಂದು ತೆಗೆದಿಟ್ಟ ದುಡ್ಡಲ್ಲ, ಸಿಬ್ಬಂದಿಯ ಕಲಿಕೆಗೆಂದೇ ಆಸ್ಪತ್ರೆ ಇಟ್ಟದ್ದು. ಕಲಿತ ನರ್ಸ್ ಇದ್ದರೆ ವಾರ್ಡಿನ ಮಕ್ಕಳಿಗೆ ಒಳ್ಳೆಯದು. ಪ್ರತಿಯಾಗಿ ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಬೇಕು, ನಡುವೆ ಬಿಟ್ಟರೆ ಫೀಸು ಮರಳಿಸಬೇಕು. ಬಡೇಬೀ ಅಷ್ಟಕ್ಕೆ ಬಿಡುವವಳೇ? ಓದುವಾಗ ಪಗಾರ ಎಷ್ಟು ಬರುತ್ತದೆ, ಬಸುರಾದರೆ ಏನು, ಕಾಯಿಲೆ ಬಿದ್ದರೆ ಏನು ಎಂದು ಒಂದೊಂದಾಗಿ ಕೆದಕಿದಳು. ಆಸ್ಪತ್ರೆಯಲ್ಲಿ ಇವನ್ನೇ ಕೇಳಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ ಎಂದಳು ಸುನಂದಾ.

ಸೋಮವಾರ ಅರ್ಜಿ ಕೊಡಲು ಸೊಸೆಯ ಜೊತೆ ಅತ್ತೆಯೂ ರಾಯಚೂರಿನ ಬಸ್ಸು ಹತ್ತಿದಳು. ಪಕ್ಕದ ಸೀಟಿನಲ್ಲಿ ಮಲ್ಲಟದ ಹೆಂಗಸೊಬ್ಬಳು. ಅವಳು ಎಲ್ಲಿಗೆಂದು ಕೇಳುವವರೆಗೂ ಕಾಯಲಿಲ್ಲ ಬಡೇಬೀ. "ನಮ್ಮ ಸೊಸಿನ್ನ ದವಾಖಾನಿಯವರು ಓದಸಾಕತ್ತಾರ. ಪುಕ್ಕಟ ಅಲ್ರಿ, ಆಕಿ ದುಡಿಮಿಗೆ" ಅಂದಳು. ಆ ಹೆಂಗಸಿನ ಮಗಳೂ ನರ್ಸಂತೆ. ರಾಯಚೂರು ಮುಟ್ಟುವುದರೊಳಗೆ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು.

ನಿಮ್ಮ ಮನೆಯಲ್ಲೂ ಮುಂದೆ ಓದುವ ಆಸೆಯ ನರ್ಸ್ ಇದ್ದಾಳೆಯೇ? ಸಾಲಕ್ಕೆ ಓಡುವ ಮೊದಲು, ಒಡವೆ ತೆಗೆಯುವ ಮೊದಲು, ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲ ಕಡೆ ಈ ನೆರವು ಇರುವುದಿಲ್ಲ, ನಿಯಮಗಳೂ ಒಂದೇ ಅಲ್ಲ. ಕಾಲೇಜಿಗೆ ಮಾನ್ಯತೆ ಇದೆಯೇ ನೋಡಿ. ಕರಾರನ್ನು ಓದಿ ತಿಳಿದು ಸಹಿ ಮಾಡಿ. ಒಪ್ಪಿಗೆ ಬರುವ ಮುಂಚೆ ಫೀಸು ಕಟ್ಟಬೇಡಿ. ಸಂಕೋಚ ಮಾತ್ರ ಬೇಡ. ದುಡಿಯುವ ಕೈ ತನ್ನ ಓದಿಗೆ ನೆರವು ಕೇಳಿದರೆ ಅದು ಭಿಕ್ಷೆಯಲ್ಲ.