ಬೋರಲು ಹಾಕಿದ ಲೋಟ

"ಎಣ್ಣೆ ಇಲ್ದೆ ಬೀಗರೂಟಾನಾ? ಹೋಬಳಿಯೆಲ್ಲ ಆಡ್ಕೊಂಡು ನಗ್ತದೆ ಕಣಮ್ಮ!" ಎಂದು ಅಪ್ಪಯ್ಯಣ್ಣ ಆಶಾ ಕಾರ್ಯಕರ್ತೆ ಮಮತಳ ಬಾಯಿ ಮುಚ್ಚಿಸಲು ನೋಡಿದ. ಸೂಲಿಬೆಲೆ ಕಡೆಯ ಅವನ ಊರಿನಲ್ಲಿ ಬೀಗರಿಗೆ ಬಾಡೂಟ ಹಾಕಿದರಷ್ಟೇ ಸಾಲದು. ಹಿತ್ತಲ ಹುಣಸೆಮರದಡಿ ಬಾಟಲಿಯೂ ಕೂರಬೇಕು, ಹೆಣ್ಣಿನ ಅಪ್ಪನೇ ಕೈಯಾರೆ ಬಗ್ಗಿಸಿ ಕೊಡಬೇಕು. ಅದೇ ಮರ್ಯಾದೆಯಂತೆ! ಇದೆಂಥ ಮರ್ಯಾದೆಯೋ ದೇವರೇ ಬಲ್ಲ.

"ಅಣ್ಣಾ, ಕುಡಿಯೋದು ಬಿಟ್ಟೋರೂ ಬರ್ತಾರೆ. ಅಂಥೋರಿಗೆ ಒಂದು ಲೋಟ ಸಾಕು, ಮತ್ತೆ ಹತ್ಕೊಳ್ಳಕ್ಕೆ. ಬಲವಂತನಾದ್ರೂ ಮಾಡ್ಬೇಡಿ" ಎಂದಳು ಮಮತ.

"ಕುಡಿಯೋನು ಎಲ್ಲಿದ್ರೂ ಕುಡೀತಾನೆ ಬಿಡು."

ಮಗಳು ಅರ್ಪಿತಳ ಬೀಗರೂಟದ ದಿನ ಅಳಿಯನ ಅಣ್ಣ ಸುನಿಲ್‌ಕುಮಾರ್ ತನ್ನ ಲೋಟ ಬೋರಲು ಹಾಕಿ ಕೂತಿದ್ದ. "ಬೇಡ ಮಾವ. ಆಸ್ಪತ್ರೆಗೆ ಸೇರಿ ಕುಡಿಯೋದು ಬಿಟ್ಟಿದೀನಿ."

ಹತ್ತು ಜನರ ಮುಂದೆ ಅಪ್ಪಯ್ಯಣ್ಣನಿಗೆ ಮುಖಭಂಗವಾದಂತಾಯಿತು. "ನಮ್ಮನೇದೇನು ವಿಷಾನಾ? ಒಂದೇ ಒಂದು ಕಣಪ್ಪ, ನನ್ನ ಮರ್ಯಾದೆಗೆ" ಎನ್ನುತ್ತ ಲೋಟವನ್ನು ತಾನೇ ನೆಟ್ಟಗೆ ಮಾಡಿ ಸುರಿದ. ಸುತ್ತಲಿದ್ದವರು "ಹೊಡಿ ಗುರು" ಎಂದು ನಕ್ಕರು. ಸುನಿಲ್ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶಿಲ್ಪಳನ್ನೊಮ್ಮೆ ನೋಡಿ, ಕಣ್ಣು ತಗ್ಗಿಸಿ ಕುಡಿದ.

ಅಂದು ಶುರುವಾದದ್ದು ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ಸುನಿಲ್ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ. ಅಪ್ಪಯ್ಯಣ್ಣ ಬ್ರೆಡ್ಡು, ಎಳನೀರು ಹಿಡಿದು ನೋಡಲು ಹೋದ. ಶಿಲ್ಪ ಬಯ್ಯಬಹುದಿತ್ತು. ಬಯ್ಯಲಿಲ್ಲ. ತಾನು ಕೂತಿದ್ದ ಸ್ಟೂಲನ್ನೇ ಅವನಿಗೆ ಸರಿಸಿದಳು.

"ಕೂತ್ಕೊಳ್ಳಿ ದೊಡ್ಡಪ್ಪ. ನೀವು ಪ್ರೀತಿಗೇ ಕೊಟ್ರಿ. ಇವ್ರೇ ಗಟ್ಟಿಯಾಗಿ ಬೇಡ ಅನ್ಬೇಕಿತ್ತು."

ಕಪಾಳಕ್ಕೆ ಹೊಡೆಸಿಕೊಂಡಂತಾಯಿತು ಅಪ್ಪಯ್ಯಣ್ಣನಿಗೆ. ಸುನಿಲ್ ಬೇಡ ಎಂದಿದ್ದನಲ್ಲ! ಬಾಯಿಬಿಟ್ಟೇ ಎಂದಿದ್ದ. ಕೇಳಿಸಿಕೊಳ್ಳದವನು ತಾನು. ನಾಚಿಕೆಯಿಂದ ಕುಗ್ಗಿಹೋದ, ಆ ಸ್ಟೂಲಿನ ಮೇಲೆ ಕೂರಲು ಮನಸ್ಸಾಗದೆ ಗೋಡೆಗೊರಗಿ ನಿಂತ.

ಊರಿಗೆ ಬಂದವನೇ ಮಮತಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. "ಈಗೇನಮ್ಮ ಮಾಡೋದು?"

"ಅವ್ರು ಔಷಧಿ ಅರ್ಧಕ್ಕೆ ಬಿಡ್ಬಾರ್ದು, ಡಾಕ್ಟ್ರು ಕರೆದಾಗೆಲ್ಲ ಹೋಗ್ಬೇಕು. ಅವ್ರ ಮುಂದೆ ಲೋಟ ತಂದು ಇಡೋರು ಇರ್ಬಾರ್ದು ಅಣ್ಣಾ, ಅಷ್ಟೇ."

ಕಿರಿಮಗಳು ಅಕ್ಷತಳ ಬೀಗರೂಟ ಬಂತು. ಅಪ್ಪಯ್ಯಣ್ಣ ಬಾಯಿ ತೆರೆಯುವ ಮೊದಲೇ ಹೆಂಡತಿ ಮುನಿವೆಂಕಟಮ್ಮ ಹುಣಸೆಮರದಡಿ ಮಜ್ಜಿಗೆ ಹಂಡೆ ಇಡಿಸಿದ್ದಳು.

"ಏನಣ್ಣಾ, ಬೀಗರನ್ನ ಒಣಗಂಟ್ಲಲ್ಲೇ ಕಳಿಸ್ತೀಯಾ?" ಎಂದು ಒಬ್ಬ ಕೆಣಕಿದ.

"ನನ್ನ ಕೈಯಾರೆ ಒಬ್ಬನ್ನ ಆಸ್ಪತ್ರೆ ಸೇರಿಸಿದೀನಿ ಕಣಪ್ಪ. ಆ ಮರ್ಯಾದೆ ಸಾಕು" ಎಂದ ಅಪ್ಪಯ್ಯಣ್ಣ, ಎಲ್ಲರಿಗೂ ಕೇಳುವಂತೆ.

ಚೇತರಿಸಿಕೊಂಡು ಬಂದು ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಸುನಿಲ್ ತಲೆ ಎತ್ತಲಿಲ್ಲ. ಬೋರಲು ಹಾಕಿದ್ದ ಲೋಟವನ್ನು ತಾನೇ ನೆಟ್ಟಗೆ ಮಾಡಿ ಮುಂದೆ ಚಾಚಿದ. ಅಪ್ಪಯ್ಯಣ್ಣ ಮಜ್ಜಿಗೆ ಸುರಿದ.

ಅಕ್ಕಂದಿರೇ, ಅಣ್ಣಂದಿರೇ, ದಿನಾ ಕುಡಿಯುವವರು ಏಕಾಏಕಿ ತಾವೇ ಬಿಟ್ಟರೆ ಮೈನಡುಕ, ಫಿಟ್ಸ್ ಬರಬಹುದು. ವೈದ್ಯರ ಸಲಹೆ ಪಡೆದೇ ಬಿಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ಇನ್ನು ನಿಮ್ಮ ಮನೆಯ ಬೀಗರೂಟದಲ್ಲಿ ಯಾರಾದರೂ ಲೋಟ ಬೋರಲು ಹಾಕಿದರೆ, ದಯವಿಟ್ಟು ಅದನ್ನು ಎತ್ತಿ ನಿಲ್ಲಿಸಬೇಡಿ.