ಓವರ್‌ಡ್ರೈವ್ ಹಾಕುವ ಕೈ

ರಿಂಗ್ ರೋಡಿನಲ್ಲಿ ಕಾರು ಟಾಪ್ ಗೇರಿಗೆ ಬಂದು, ಎಂಜಿನ್ನು ಅರಚತೊಡಗಿದಾಗ ಪ್ರೇಮಲೀಲಾಳ ಕೈ ಎಂದಿನಂತೆ ಡ್ಯಾಶ್‌ಬೋರ್ಡಿನ ಕಡೆ ಹೋಯಿತು. ಕಾರಿನ ವೇಗ ಇಳಿಸದೆ ಎಂಜಿನ್ನಿನ ಓಟ ತಗ್ಗಿಸುವ ಓವರ್‌ಡ್ರೈವ್ ಸ್ವಿಚ್ಚು ಅಲ್ಲಿರಲಿಲ್ಲ. ತೂತಿಗೆ ಕರಿ ರಬ್ಬರಿನ ಬಿರಡೆ ಹಾಕಿತ್ತು.

"ಇಲ್ಲೇ ಇತ್ತಲ್ರೀ?"

"ಗೇರಿನ ಮೇಲಕ್ಕೆ ಹಾಕಿಸ್ಬುಟ್ಟೆ," ಎಂದ ಷಡಕ್ಷರಿ, ಹೇಳಲು ಆ ಹೊತ್ತಿಗೇ ಕಾದಿದ್ದವನಂತೆ. "ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ಕು ಮಾಡ್ಕೊಟ್ಟ. ನಿಂಗೆ ಭುಜ ನೋವಲ್ವಾ? ಇನ್ಮೇಲೆ ಆರಾಮಾಗಿ ಕೂತ್ಕೊ."

ಗೇರಿನ ಹಿಡಿಯ ಮೇಲಿನ ಹೊಸ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದ. ಎಂಜಿನ್ನು ನಿಟ್ಟುಸಿರು ಬಿಟ್ಟು ತಣ್ಣಗಾಯಿತು. ಕಾರಿನ ವೇಗ ಮಾತ್ರ ಇಳಿಯಲಿಲ್ಲ.

"ಎಂಗೆ?"

"ಚೆನ್ನಾಗಿದೆ ಕಣ್ರೀ." ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಕಿಟಕಿಯಾಚೆ ನೋಡಿದಳು.

ಮನೆಯಲ್ಲಿ ಅವರ ನಡುವೆ ಮಾತು ಎಂದೋ ಸವೆದುಹೋಗಿತ್ತು. ಕಾಫಿ, ಮಾತ್ರೆ, ಗೇಟಿನ ಚಿಲಕ, ಅಷ್ಟೇ. ಜಗಳವೂ ಇರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಈ ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಕೂತರೆ ಬೇರೆಯೇ. ಅವನು ಟಾಪಿಗೆ ಹಾಕುತ್ತಿದ್ದ; ಅವಳು ಸದ್ದು ಕೇಳಿ ಸ್ವಿಚ್ಚು ಒತ್ತುತ್ತಿದ್ದಳು. ಏರು ಬರುವ ಮೊದಲೇ ತೆಗೆಯುತ್ತಿದ್ದಳು. ಹಾಕು ಎಂದು ಅವನು ಹೇಳಿದ್ದಿಲ್ಲ, ಹಾಕಲಾ ಎಂದು ಅವಳು ಕೇಳಿದ್ದಿಲ್ಲ. ಕಾರು ಓಡಿಸಲು ಬಾರದ ಅವಳು ಒಮ್ಮೆಯೂ ತಪ್ಪಿದ್ದಿಲ್ಲ.

ಮುಂದಿನ ಭಾನುವಾರ ರಾಮಕೃಷ್ಣನಗರದ ಮನೆಯೆದುರು ಅವನು ಕಾರು ಒರೆಸಿ ಹಾರನ್ ಮಾಡಿದ. ಪ್ರೇಮಲೀಲಾ ಹೊಸ್ತಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ನೀವು ಹೋಗ್ಬುಟ್ಟು ಬನ್ನಿ."

"ಯಾಕೆ, ಭುಜ ನೋಯ್ತಿದ್ಯಾ?"

"ಭುಜಕ್ಕೇನಾಗಿದೆ, ಕಲ್ಲಿನಂಗಿದೆ."

"ಮತ್ತೆ? ಬಾರೆ, ಸುಮ್ನೆ ಕೂತ್ಕೊಳೋದು ತಾನೆ."

"ಸುಮ್ನೆ ಮನೇಲೇ ಕೂತ್ಕೋತೀನಿ ಬುಡಿ," ಎಂದು ನಕ್ಕಳು. ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವನು ಒಬ್ಬನೇ ಹೊರಟ. ಟಾಪ್ ಗೇರು ಬಿತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಎಂಜಿನ್ನು ಅರಚುತ್ತಲೇ ಇತ್ತು. ಪಕ್ಕಕ್ಕೆ ಬಂದ ಬೈಕಿನವನು ಹೆಲ್ಮೆಟ್ಟಿನ ಗಾಜು ಎತ್ತಿ ಕೂಗಿದ: "ಯಜಮಾನ್ರೇ, ಗಾಡಿ ಬಾಯಿ ಬಡ್ಕೋತಿದೆ! ಗೇರ್ ಹಾಕಿ!"

"ಇರೋ ಗೇರೆಲ್ಲ ಹಾಕಾಯ್ತು ಕಣಪ್ಪ!"

ಬೈಕಿನವನು ನಗುತ್ತಾ ಮುಂದೆ ಹೋದ. ಎಡಗಡೆಯ ಸೀಟಿನಲ್ಲಿ, ಯಾರೂ ಕಟ್ಟಿಕೊಳ್ಳದ ಬೆಲ್ಟಿನ ಕೊಂಡಿ ಎಂಜಿನ್ನಿನ ನಡುಕಕ್ಕೆ ಬಾಗಿಲಿನ ತಗಡಿಗೆ ಟಕಟಕ ಬಡಿಯುತ್ತಿತ್ತು. ಷಡಕ್ಷರಿ ಗೇರಿನಿಂದ ಎಡಗೈ ತೆಗೆದು, ವಾಲಿಕೊಂಡು, ಆ ಕೊಂಡಿಯನ್ನು ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ಹಿನಕಲ್ ದಾಟಿದ.