ದೇಶಪಾಂಡೆ ಗಾದಿಗೆ ಎರಡನೆಯ ಮಗ

ಗುಡೂರಿನ ನಮ್ಮ ಓಣಿಯಲ್ಲಿ ಬೆಳಗಾಯಿತೆಂದರೆ ಮೊದಲು ಕೇಳುವ ಸದ್ದು ಕುಮುದಿನಿಬಾಯಿ ರೊಟ್ಟಿ ಬಡಿಯುವುದು. ಆಕೆಯ ಗಂಡ ಕೃಷ್ಣಾಜಿ ಸೊಸೈಟಿಯಲ್ಲಿ ಕಾರಕೂನ. ಎಂಟರೊಳಗೆ ಅವನಿಗೆ ಬುತ್ತಿ ಕಟ್ಟಬೇಕು. ಆಕೆ ಒಲೆಯ ಮುಂದೆ ಕೂತರೆ ಮೂರು ವರ್ಷದ ಮಗ ಶ್ರೀನಿವಾಸ ಬೆನ್ನಿಗೆ ಜೋತುಬಿದ್ದು, ರೊಟ್ಟಿಯ ಬಡಿತಕ್ಕೆ ಸರಿಯಾಗಿ ತಾನೂ ತಾಯಿಯ ಬೆನ್ನು ಬಡಿಯುತ್ತಿದ್ದ. ನಮ್ಮ ಮನೆ ಎದುರಿಗೇ. ನಾನು ಹಾಲು ಕೊಡಲು ಹೋದಾಗ, "ಮುದಕಪ್ಪಣ್ಣಾ, ಇವನ್ನ ಒಂದೀಟು ಎತ್ತಿಕೋರಿ. ಇಲ್ಲಂದ್ರ ಇವತ್ತ ರೊಟ್ಟಿ ಚೌಕ ಆಗ್ತಾವ" ಎಂದು ನಗುತ್ತಿದ್ದಳು.

ಅದು ೧೯೭೧ರ ಮಾತು. ಆ ಮನೆಯಲ್ಲಿ ನಗೆ ಕೇಳಿದ ಕಡೆಯ ವರ್ಷ.

ದೇಶಪಾಂಡೆ ಎಂಬ ಅಡ್ಡಹೆಸರಿನ ಮನೆಗಳು ನಮ್ಮೂರಲ್ಲಿ ಐದು, ಕೆರೂರಲ್ಲಿ ಎರಡು. ಅಡ್ಡಹೆಸರು ಎಲ್ಲರದು, ಪದವಿ ಮಾತ್ರ ಒಂದೇ ಮನೆಯದು. ಹಿಂದೆ ಯಾರೋ ಮೂಲಪುರುಷ ಸುತ್ತಿನ ಹಳ್ಳಿಗಳ ಕಂದಾಯ ಬರೆದನಂತೆ, ದೊರೆ ಮೆಚ್ಚಿ ಸನದು ಕೊಟ್ಟನಂತೆ. ಅಲ್ಲಿಂದ ಹಿರಿಯನ ಹಿರಿಮಗನಿಗೆ ಗಾದಿ, ಉಳಿದವರಿಗೆ ಬರೀ ಹೆಸರು. ನಾನು ಕಣ್ಣಾರೆ ಕಂಡದ್ದು ಇಷ್ಟು: ೧೯೫೧ರಲ್ಲಿ, ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದಾಗಲೇ, ವಂಶಪಾರಂಪರ್ಯದ ಆ ವತನ ರದ್ದಾಯಿತು. ಬರೆಯಲು ಕಂದಾಯವಿಲ್ಲ, ಕೇಳಲು ದೊರೆಯಿಲ್ಲ. ಗಾದಿಯ ದೊಡ್ಡ ಮನೆ, ವಾಡೆಯಲ್ಲಿ ಉಳಿದದ್ದು ಸನದಿನ ಪೆಟ್ಟಿಗೆ, ಹುಳ ಹಿಡಿದ ಗಾದಿ, ಊರಿನ ಮದುವೆಗಳಲ್ಲಿ ಮೊದಲ ವೀಳ್ಯ. ಈ ಮೊದಲ ವೀಳ್ಯಕ್ಕಾಗಿ ಮನುಷ್ಯರು ಏನೇನು ಮಾಡಿಯಾರು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ವಾಡೆಯ ಯಜಮಾನ ತೀರಿಕೊಂಡರು. ಹೆಂಡತಿ ಇಂದ್ರಾಬಾಯಿಗೆ ಮಕ್ಕಳಿಲ್ಲ. ಗಾದಿ ಖಾಲಿ ಇರಬಾರದು, ಅದೇ ಅಡ್ಡಹೆಸರಿನ ಮನೆಯ ಹುಡುಗನನ್ನು ದತ್ತಕ ತರಬೇಕು ಎಂಬುದು ಪದ್ಧತಿ. ಆಕೆ ಕೃಷ್ಣಾಜಿಯನ್ನು ಕರೆಸಿ ಒಂದೇ ಮಾತು ಹೇಳಿದರು.

"ನಿನ್ನ ಮಗನ್ನ ಕೊಡ್ತೀಯೋ, ಕೆರೂರವರ ಮಗನ್ನ ತರಲೋ? ಆಮ್ಯಾಲ ನೀನು, ನಿನ್ನ ಮೊಮ್ಮಕ್ಕಳು ಕೆರೂರವನ ಮುಂದ ಕೈಕಟ್ಟಿ ನಿಲ್ಲಬೇಕಾಗ್ತದ, ನೋಡು."

ಕೃಷ್ಣಾಜಿ ಕೆಟ್ಟವನಲ್ಲ. ಆದರೆ ಆ ಮಾತು ಅವನ ತಲೆಗೆ ಹೊಕ್ಕಿತು. ಕುಮುದಿನಿ ಅತ್ತಳು, ಉಪವಾಸ ಕೂತಳು. "ಎಲ್ಲಿಗೆ ಹೋಗ್ತಾನ? ಎರಡ ಓಣಿ ಆಚೆ. ದಿನಾ ಕಣ್ಣಿಗೆ ಕಾಣ್ತಾನ" ಎಂದು ಗಂಡ ಸಮಾಧಾನ ಹೇಳಿ ಸಹಿ ಹಾಕಿಸಿದ. ಪಂಚರಲ್ಲಿ ನಾನೂ ಒಬ್ಬ. ದೊಡ್ಡವರ ಮನೆಯ ವ್ಯವಹಾರ, ನನಗೇಕೆ ಎಂದುಕೊಂಡು ದತ್ತಕ ಪತ್ರಕ್ಕೆ ಸಾಕ್ಷಿ ಹಾಕಿದೆ. ಆ ಸಹಿ ನನ್ನ ಕೈಯದು. ಬೇರೆಯವರ ಮೇಲೆ ಹಾಕಲಾರೆ.

ದಿನಾ ಕಣ್ಣಿಗೆ ಕಾಣುವುದೆಂದರೆ ಹೇಗೆಂಬುದು ಆಮೇಲೆ ತಿಳಿಯಿತು. ಹುಡುಗನಿಗೆ ವಾಡೆಯ ಮುತ್ತಜ್ಜನ ಹೆಸರಿಟ್ಟರು, ರಘುನಾಥರಾವ. ಸೀನಾ ಎಂದು ಯಾರೂ ಕರೆಯುವಂತಿಲ್ಲ. ಹಡೆದ ತಾಯಿಯನ್ನು ಅವನು ಕಾಕು, ಅಂದರೆ ಚಿಕ್ಕಮ್ಮ, ಎನ್ನಬೇಕು. ಆಕೆ ಹಬ್ಬಕ್ಕೊಮ್ಮೆ ಹೋಗಿ, ಬಂದ ನೆಂಟರ ಸಾಲಿನಲ್ಲಿ ಕೂತು ಬರಬೇಕು. ಒಕ್ಕಲಿಗರ ಮಕ್ಕಳ ಜೊತೆ ಕೂಡಬಾರದೆಂದು ಅವನನ್ನು ಸಾಲೆಗೂ ಕಳಿಸಲಿಲ್ಲ. ಮಾಸ್ತರನೇ ವಾಡೆಗೆ ಬರುತ್ತಿದ್ದ. ವಾಡೆಯ ಕಿಟಕಿಯ ಸರಳು ಹಿಡಿದು ಆ ಹುಡುಗ ನಮ್ಮ ಕುರಿಮರಿಗಳನ್ನು ಎಣಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

೧೯೭೬ರ ಶ್ರಾವಣದಲ್ಲಿ ಅವನಿಗೆ ಜ್ವರ ಬಂತು, ಗಂಟಲು ಕಟ್ಟಿತು. ಎಂಟು ವರ್ಷದ ಹುಡುಗ. ಸುದ್ದಿ ಕೇಳಿ ಕುಮುದಿನಿ, ಹಬ್ಬ ಹುಣ್ಣಿಮೆ ನೋಡದೆ, ಒದ್ದೆ ಸೀರೆಯಲ್ಲೇ ವಾಡೆಗೆ ಓಡಿದಳು. ನಾನು ಹಾಲಿನ ಚರಿಗೆ ಹಿಡಿದು ಪಡಸಾಲೆಯಲ್ಲಿದ್ದೆ.

"ಅತ್ಯಾರ, ಉಸರಾಡ್ಲಿಕ್ಕೆ ಆಗವಲ್ದು ನೋಡ್ರಿ. ಹತ್ತು ಗಂಟೆ ಬಸ್ಸಿಗೆ ಇಳಕಲ್ಲ ದವಾಖಾನಿಗೆ ಒಯ್ಯೋಣ್ರಿ."

"ಸರಕಾರಿ ದವಾಖಾನ್ಯಾಗ ಚೀಟಿ ಹಿಡಕೊಂಡು, ಕಂಡಕಂಡವರ ಹಿಂದ ಪಾಳೇಕ ನಿಂದ್ರತಾನೇನು ಈ ಗಾದಿಯವ? ಡಾಕ್ಟರನೇ ಇಲ್ಲಿಗೆ ಬರಬೇಕು. ಬಾಗಲಕೋಟಿಗೆ ಮನಷಾನ್ನ ಕಳಿಸೇನಿ."

"ಬಾಗಲಕೋಟಿಯಿಂದ ಯಾವಾಗ ಬರೂದ್ರಿ? ನನ್ನ ಕೂಸು..."

"ಯಾರ ಕೂಸು?" ಇಂದ್ರಾಬಾಯಿ ದನಿ ಏರಿಸಲಿಲ್ಲ. "ನೀರು ಬಿಟ್ಟು ಕೊಟ್ಟೀ. ಪತ್ರದಾಗ ಸಹಿ ಅದ. ಕೇಳೂ ಹಕ್ಕು ನಿನಗಿಲ್ಲ."

ಡಾಕ್ಟರು ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮೋಟಾರು ಬಾಗಿಲಿಗೆ ಬರುವ ಹೊತ್ತಿಗೆ ಹುಡುಗ ತೀರಿಹೋಗಿದ್ದ. ಅದಕ್ಕೆ ಸ್ವಲ್ಪ ಮೊದಲು ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿ, "ಕಾಕೂ, ನೀರು" ಎಂದನಂತೆ. ಹಡೆದವಳನ್ನು ಏನೆಂದು ಕರೆಯಬೇಕೆಂಬುದನ್ನೂ ಆ ಕೂಸಿನ ಬಾಯಿಂದ ಕಿತ್ತುಕೊಂಡಿದ್ದರು. ಇಳಕಲ್ಲಿಗೆ ಬಸ್ಸಿನಲ್ಲಿ ಮಹಾ ಎಷ್ಟು ಹೊತ್ತಿನ ದಾರಿ! ನಮ್ಮ ಓಣಿಯ ಹನಮವ್ವನ ಮಗನಿಗೂ ಅದೇ ವಾರ ಅದೇ ಬೇನೆ ಬಂದಿತ್ತು. ಪಾಳೇಕ ನಿಂತು, ಸೂಜಿ ಚುಚ್ಚಿಸಿಕೊಂಡು ಬಂದ. ಇವತ್ತು ಅವನು ಕುಂಟೆ ಹೊಡೆಯುತ್ತಾನೆ.

ಇಷ್ಟಾದ ಮೇಲೆ ಬುದ್ಧಿ ಬಂದೀತು ಎಂದು ನೀವು ಅನ್ನಬಹುದು. ಬರಲಿಲ್ಲ. ಗಾದಿ ಮತ್ತೆ ಖಾಲಿಯಾಗಿತ್ತು. ಕುಮುದಿನಿಗೆ ಅಷ್ಟರಲ್ಲಿ ಇನ್ನೊಬ್ಬ ಮಗ ಹುಟ್ಟಿದ್ದ, ವಾದಿರಾಜ. ಅವನಿಗೆ ನಾಲ್ಕು ತುಂಬುವುದನ್ನೇ ಕಾಯ್ದು, ೧೯೭೯ರಲ್ಲಿ ಇಂದ್ರಾಬಾಯಿ ಮತ್ತೆ ಕೃಷ್ಣಾಜಿಯನ್ನು ಕರೆಸಿದರು. ಮತ್ತೆ ಅದೇ ಕೆರೂರಿನ ಮಾತು. ಮತ್ತೆ ಅವನು ಗೋಣು ಹಾಕಿದ.

ಪಂಚರಿಗೆ ಕರೆ ಬಂತು. ಈ ಸಲ ನಾನು ಸುಮ್ಮನೆ ಹೋಗಲಿಲ್ಲ. ಮೊದಲಿನ ಪತ್ರ ಬರೆದಿದ್ದ, ಹುನಗುಂದ ಕಚೇರಿಯ ಮುಂದೆ ಅರ್ಜಿ ಬರೆಯುವ ಇಮಾಮಸಾಬನೇ ಈ ಸಲವೂ ಪತ್ರ ಬರೆಯಲು ಬರುವವನಿದ್ದ. ಸಂತೆಯ ದಿನ ಅವನನ್ನು ಹಿಡಿದು ಕೇಳಿದೆ: "ಸಾಬಣ್ಣ, ತಾಯಿ ಒಲ್ಲೆ ಅಂದ್ರ ಏನಾಗತೈತಿ?"

"ಏನಾಗತೈತಿ? ಪತ್ರ ಆಗೂದಿಲ್ಲ. ಐವತ್ತಾರನೇ ಇಸವಿ ಕಾಯದೆ ಐತಿ. ತಾಯಿ ಒಪ್ಪದೇ ತಂದಿ ಒಬ್ಬನೇ ಕೊಡಾಕ ಬರೂದಿಲ್ಲ."

"ಇದನ್ನ ಆಗ ಯಾಕ ಹೇಳಲಿಲ್ಲೋ ಮಾರಾಯಾ?"

"ಆಗ ನೀ ಕೇಳಿದ್ದೇನು?"

ಕೇಳಿರಲಿಲ್ಲ. ಊರಿನಲ್ಲಿ ಯಾರೂ ಕೇಳಿರಲಿಲ್ಲ. ಮನೆಗೆ ಬಂದವನೇ ಆ ಮಾತನ್ನು ಕುಮುದಿನಿಯ ಕಿವಿಗೆ ಹಾಕಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ, "ಖರೇನ್ರೀ?" ಎಂದಳು. ಅಷ್ಟೇ.

ದತ್ತಕದ ದಿನ ಹನ್ನೊಂದು ಗಂಟೆಗೆ ವಾಡೆಯ ಪಡಸಾಲೆ ತುಂಬಿತ್ತು. ಭಟ್ಟರು ಮಂತ್ರ ಮುಗಿಸಿ, "ತಾಯಿ ತಂದೆ ಇಬ್ಬರೂ ಮುಂದೆ ಬರ್ರಿ, ಕೂಸನ್ನ ಉಡಿಯೊಳಗ ಇಡ್ರಿ" ಎಂದರು. ಕೃಷ್ಣಾಜಿ ಎದ್ದ. ಕುಮುದಿನಿ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

"ಏಳವಾ, ಮುಹೂರ್ತ ಮೀರ್ತದ" ಎಂದರು ಇಂದ್ರಾಬಾಯಿ.

"ನಾ ಕೊಡೂದಿಲ್ರಿ."

ಇಂದ್ರಾಬಾಯಿ ಗಾದಿಯ ಕಡೆ ಕೈ ತೋರಿಸಿದರು.

"ಮನೆತನದ ಮರ್ಯಾದಿ ತಿಳೀತದೇನು ನಿನಗ? ಹತ್ತು ತಲಿಯಿಂದ ಬಂದ ಪದವಿ!"

"ಹತ್ತು ತಲಿ ಆಗ್ಯದಲ್ರಿ, ಸಾಕು. ಒಂದು ಮಗನ್ನ ನಿಮ್ಮ ಮರ್ಯಾದಿಗೆ ಕೊಟ್ಟೇನಿ. ಪಾಳೇಕ ನಿಂದ್ರಲಿಕ್ಕೆ ನಾಚಿಕೊಂಡು ಅವನ್ನ ಕಳಕೊಂಡ್ರಿ. ಇವ ಪಾಳೇಕ ನಿಂದ್ರತಾನ್ರಿ. ನಿಂತು ಬದುಕತಾನ."

ನಾನು ಎದ್ದು ನಿಂತೆ. "ಬಾಯಾರ, ನಾವು ಬೀರಪ್ಪನ ಒಕ್ಕಲು, ಕುರಿ ಕಾಯೋರು. ಮರಿ ಬ್ಯಾರೆ ಕುರಿಗಿ ಹಚ್ಚೂದು ನಮಗೂ ಗೊತ್ತೈತ್ರಿ. ಹಡದ ಕುರಿ ಸತ್ತಿದ್ರ ಅಷ್ಟ ಹಚ್ಚತೇವಿ. ತಾಯಿ ಬದುಕಿರೂ ಮರಿಯನ್ನ ಯಾವ ಕುರುಬನೂ ಕಿತ್ತು ಹಚ್ಚೂದಿಲ್ಲ. ನಾ ಸಾಕ್ಷಿ ಹಾಕೂದಿಲ್ಲ."

"ಹಾಲು ಮಾರಾವ ನನಗ ಧರ್ಮ ಹೇಳ್ತೀ?" ಇಂದ್ರಾಬಾಯಿ ಭಟ್ಟರ ಕಡೆ ತಿರುಗಿದರು. "ತಂದಿ ಒಬ್ಬನೇ ಕೊಡ್ತಾನ. ಮುಂದ ನಡಸ್ರಿ."

"ನಡಿಯೂದಿಲ್ರಿ ಬಾಯಿಸಾಹೇಬ್ರ" ಎಂದ ಇಮಾಮಸಾಬ. ಅವನು ಆಗಲೇ ಕಾಗದ ಮಡಚುತ್ತಿದ್ದ. "ತಾಯಿ ಇಷ್ಟು ಮಂದಿ ಮುಂದ ಒಲ್ಲೆ ಅಂದಾರ. ಇದನ್ನ ಬರದ್ರ ನನ್ನ ಅನ್ನ ಹೋಗತೈತಿ."

ಕೃಷ್ಣಾಜಿ ಹೆಂಡತಿಯನ್ನೂ ನೋಡಲಿಲ್ಲ, ಗಾದಿಯನ್ನೂ ನೋಡಲಿಲ್ಲ. ಮತ್ತೆ ಕೂತುಬಿಟ್ಟ. ಇಂದ್ರಾಬಾಯಿಯ ಮುಖ ಕೆಂಪಾಯಿತು.

"ಹೋಗ. ಕೆರೂರವರ ಮಗನ್ನ ತರ್ತೇನಿ. ಈ ವಾರದಾಗ ತರ್ತೇನಿ. ಗಾದಿ ಏನು ನಿನ್ನ ಹೊಟ್ಟೀಗೇ ಕಾಯ್ಕೊಂಡು ಕೂತದೇನು?"

ಕುಮುದಿನಿ ಎದ್ದಿದ್ದಳು. ಆ ಮಾತಿಗೆ ನಿಂತಳು. ಮಗನನ್ನು ಟೊಂಕದ ಮೇಲೆ ಕೂಡಿಸಿಕೊಂಡು ವಾಡೆಯ ತಲಬಾಗಿಲಿನಿಂದ ಹೊರಬಿದ್ದವಳು ಮನೆಯ ಓಣಿಗೆ ತಿರುಗದೆ ನೇರ ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು. ನಾನು ಹಿಂದೆಯೇ ಓಡಿದೆ. ಕೆರೂರಿನ ಬಸ್ಸು ಹೊರಟು ನಿಂತಿತ್ತು; ಆಕೆ ಹತ್ತಿ ಕೂತಾಗಿತ್ತು. ಹುಡುಗನ ಹಣೆಯ ಮೇಲೆ ಭಟ್ಟರಿಟ್ಟ ಅಕ್ಷತೆ ಹಾಗೇ ಇತ್ತು. ಸೆರಗಿನಿಂದ ಅದನ್ನು ಒರೆಸುತ್ತಿದ್ದಳು.

ಕಂಡಕ್ಟರ ಖಾಸಿಂಸಾಬನಿಗೆ ಓಣಿಯವರೆಲ್ಲ ಗುರುತು. "ಏನ್ ಬಾಯಾರ, ಕೂಸು ಕಟಗೊಂಡು ಬಿಸಲಾಗ? ಕೆರೂರಾಗ ಯಾರದಾರ?" ಎಂದ.

"ನಮ್ಮ ಅಡ್ಡಹೆಸರಿನ ಒಬ್ಬಾಕಿ ಇದ್ದಾಳ" ಎಂದಳು ಕುಮುದಿನಿ. "ಆಕಿಗೂ ಒಬ್ಬ ಮಗ ಇದ್ದಾನ. ಒಲ್ಲೆ ಅನ್ನಲಿಕ್ಕೆ ಬರ್ತದಂತ ಆಕಿಗೂ ಗೊತ್ತಾಗಲಿ."